ವೇಬ್ರಿಡ್ಜ್ ಮೇಲೆ ಮೂವರು

ಲಾರಿ ತೂಗುವುದು ನನ್ನ ಕೆಲಸ.
ಮಂಡ್ಯದ ಗುತ್ತಲು ರಸ್ತೆಯ ತೂಕದ ಮನೆಯಲ್ಲಿ
ಕಿಟಕಿಯ ಹಿಂದೆ ಹದಿನಾಲ್ಕು ವರ್ಷ ಕೂತಿದ್ದೇನೆ.
ಕಬ್ಬು ಹೊತ್ತು ಬಂದಾಗ ಒಂದು ತೂಕ,
ಇಳಿಸಿ ಹೋಗುವಾಗ ಇನ್ನೊಂದು,
ಕಳೆದರೆ ಉಳಿದದ್ದು ಕಬ್ಬು.
ನನ್ನ ಮೈಯ ಲೆಕ್ಕ ಮಾತ್ರ
ಯಾವತ್ತೂ ಬರೆದಿಟ್ಟಿರಲಿಲ್ಲ.

ಬರೆಸಿದವಳು ತಸ್ಲೀಮಾ, ದರ್ಜಿ.
ಊರ ಹೆಂಗಸರ ಸುತ್ತಳತೆಯೆಲ್ಲ ಅವಳ ಹೊಟ್ಟೆಯಲ್ಲಿ,
ಒಂದನ್ನೂ ಆಚೆ ಬಿಟ್ಟವಳಲ್ಲ.
ನನ್ನ ರವಿಕೆಯ ಹೊಲಿಗೆ ಮೂರನೇ ಸಲ ಬಿಚ್ಚುತ್ತ
"ಇನ್ನು ಬಿಡೋಕೆ ಬಟ್ಟೆ ಇಲ್ಲ ಕಣೇ ಕೆಂಪಾಜಿ" ಅಂದು
ಮಂಡಿ ಹಿಡಿದುಕೊಂಡು ತಾನೂ ನಕ್ಕಳು.

ಮೂರನೆಯವಳು ದೇವೀರಮ್ಮ, ಅಂಗನವಾಡಿ ಟೀಚರು.
ತಿಂಗಳಿಗೊಮ್ಮೆ ಕೂಸುಗಳನ್ನ ತಕ್ಕಡಿಗೆ ಹಾಕಿ
ಇನ್ನೂರು ಗ್ರಾಂ ಏರಿದರೆ
ಬೀದಿಗೆಲ್ಲ ಕೇಳುವಂತೆ ಹಿಗ್ಗುವವಳು.
"ನಮ್ಮದು ಉಲ್ಟಾ ರಿಜಿಸ್ಟರು" ಅಂತ
ಹಳೆಯ ಪುಸ್ತಕದ ಹಿಂದಿನ ಪುಟಕ್ಕೆ ಗೆರೆ ಎಳೆದಳು.

ಆದರೆ ಅಂಕಿ ಹೇಳಲು ಯಾರಿಗೂ ಬಾಯಿಲ್ಲ.
ವಯಸ್ಸು ಹೇಳಿಯೇವು,
ಗಂಡ ಕುಡಿದು ಬಂದದ್ದನ್ನೂ ಹೇಳಿಯೇವು,
ಇದನ್ನ ಹೇಗೆ?
ಅದಕ್ಕೇ ಒಂದು ಭಾನುವಾರ, ಲಾರಿಗಳಿಲ್ಲದ ಹೊತ್ತು,
ಮೂವರೂ ಒಟ್ಟಿಗೆ ಕಬ್ಬಿಣದ ಹಾಸಿನ ಮೇಲೆ ನಿಂತೆವು.
ಲಾರಿಯ ಯಂತ್ರಕ್ಕೆ ಚಿಲ್ಲರೆ ಗೊತ್ತಿಲ್ಲ,
ಹತ್ತು ಹತ್ತರಲ್ಲೇ ಎಣಿಸುತ್ತದೆ.
ಇನ್ನೂರ ನಲವತ್ತು.
ಯಾರ ಪಾಲು ಎಷ್ಟೆಂದು ಅದು ಹೇಳಲಿಲ್ಲ.
ನಾವೂ ಕೇಳಲಿಲ್ಲ.

ಬೆಳಗ್ಗೆ ಐದೂವರೆಗೆ ನಾಲೆಯ ಏರಿ.
ಆಲೆಮನೆ ಇನ್ನೂ ಅರ್ಧ ಮೈಲಿ ಇರುವಾಗಲೇ
ಬೆಲ್ಲದ ಪಾಕದ ವಾಸನೆ ಎದುರು ಬಂದು ಕೈ ಹಿಡಿಯುತ್ತದೆ.
"ಸಕ್ಕರೆ ಊರಲ್ಲಿ ಹುಟ್ಟಿ ಸಪ್ಪೆ ಕಾಫಿ ಕುಡಿಯೋ ಕರ್ಮ"
ಅನ್ನುತ್ತ ದೇವೀರಮ್ಮ ಸೆರಗು ಮೂಗಿಗೆ ಒತ್ತಿದರೆ
ನಾವೂ ಒತ್ತಿ, ಮೂವರೂ ಓಡಿಬಿಡುತ್ತಿದ್ದೆವು.
ಇಡೀ ದಿನದಲ್ಲಿ ನಾವು ಓಡುತ್ತಿದ್ದುದು ಅಲ್ಲೊಂದೇ ಕಡೆ.

ಸಂಕ್ರಾಂತಿಯ ಹೊತ್ತಿಗೆ ಇನ್ನೂರ ಮೂವತ್ತು.

ಆಮೇಲೆ ನನ್ನ ತಂಗಿ ಮಗಳ ಬೀಗರೂಟ.
ಮುದ್ದೆ ಬಂತು, ಬೋಟಿ ಗೊಜ್ಜು ಬಂತು,
ಎರಡನೇ ಮುದ್ದೆಗೆ ಬೇಡವೆನ್ನಲು
ಎಲೆಯ ಮೇಲೆ ಅಡ್ಡ ಹಿಡಿದ ಕೈಯೇ
ಸರಿದು ದಾರಿ ಬಿಟ್ಟಿತು.
ಉಳಿದದ್ದನ್ನು ಮೂರು ದಿನ ಬಿಸಿ ಮಾಡಿ ತಿಂದೆ.
ಅಂಕಿ ತಿರುಗಿ ನಲವತ್ತಕ್ಕೆ ಹತ್ತಿತು.
ಯಾರೂ ನನ್ನ ಕಡೆ ನೋಡಲಿಲ್ಲ,
ಅದೇ ಚುಚ್ಚಿತು.

ಒಂಬತ್ತು ದಿನ ಕದ ತೆಗೆಯಲಿಲ್ಲ, ಜ್ವರ ಎಂದೆ.
ಹತ್ತನೇ ದಿನ ಕತ್ತಲಲ್ಲೇ ಬಂದು
ಮೆಟ್ಟಿಲ ಮೇಲೆ ಕೂತರು ಇಬ್ಬರೂ.
"ನನ್ನ ಕೂಸುಗಳೂ ಒಂದೊಂದು ತಿಂಗಳು ಇಳೀತವೆ,
ಹಂಗಂತ ರಿಜಿಸ್ಟರ್ ಹರಿದು ಹಾಕ್ತೀನಾ?"
ತಸ್ಲೀಮಾ ಮೆಲ್ಲಗೆ:
"ಮೆಷಿನ್ ಡ್ರಾಯರಿನಲ್ಲಿ ಕೊಬ್ಬರಿ ಮಿಠಾಯಿ ಬಚ್ಚಿಟ್ಟಿದ್ದೆ ಕಣೇ.
ಹತ್ತರಲ್ಲಿ ಎರಡು ನನ್ನ ಹೆಸರಿಗೆ ಬರಕೋ."

ಚಪ್ಪಲಿ ಹುಡುಕಿಕೊಂಡೆ.

ಈಗ ಆಲೆಮನೆಯ ಹತ್ತಿರ ಓಡುವುದಿಲ್ಲ.
ಅವಳ ಮಂಡಿ ಒಪ್ಪಿದಷ್ಟೇ ವೇಗ.
ವಾಸನೆಯೂ ನಮ್ಮ ಜೊತೆ ಸ್ವಲ್ಪ ದೂರ ನಡೆದು
ತಾನಾಗಿ ಹಿಂದಿರುಗುತ್ತದೆ.
ಮೊನ್ನೆ ಅದೇ ರವಿಕೆಗೆ
ಒಳಗಿನಿಂದ ಒಂದು ಹೊಲಿಗೆ ಹಾಕಿ ಕೊಟ್ಟಳು.
ಎಷ್ಟು ಹಿಡಿದೆ ಎಂದರೆ ಬಾಯಿ ಬಿಡಲಿಲ್ಲ.
ಆ ಹೊಟ್ಟೆಯನ್ನಂತೂ ಅವಳು ಇಳಿಸುವುದು ಬೇಡ.

ಇವತ್ತು ಮತ್ತೆ ನಿಂತಿದ್ದೇವೆ, ಹಾಸಿನ ಮೇಲೆ.
ಮೂವತ್ತು, ಇಪ್ಪತ್ತು, ಮೂವತ್ತು,
ಮನಸ್ಸು ಮಾಡಲಾಗದೆ ಮಿಣುಕುತ್ತಿದೆ ಅಂಕಿ.
ಉಸಿರು ಬಿಗಿಹಿಡಿದ ದೇವೀರಮ್ಮನಿಗೆ
"ಬಿಡವ್ವ, ಉಸಿರಿಗೇನು ತೂಕ" ಎಂದು ನಾನು.
ಹಿಂದೆ ಒಂದು ಲಾರಿ ಹಾರನ್ ಒತ್ತುತ್ತಿದೆ.
"ಅಕ್ಕೋ, ಬೇಗ ಇಳೀರಿ,
ಬಿಸಿಲಿಗೆ ನಿಂತಷ್ಟೂ ಕಬ್ಬು ತೂಕ ಕಳಕತದೆ!"

ನಾವು ಒಬ್ಬರ ಮುಖ ಒಬ್ಬರು ನೋಡಿ
ಇನ್ನೂ ಸ್ವಲ್ಪ ಹೊತ್ತು
ಬಿಸಿಲಲ್ಲೇ ನಿಂತೆವು.